ಎದೆಯೊಳಗೆ ಅರಳಿದ ನೈದಿಲೆ

ಮರೀ ದ್ಯುಪ್ಲೆಸಿ ಎಂಬ ಇಪ್ಪತ್ಮೂರು ವರ್ಷದ ಹೆಣ್ಣು ಪ್ಯಾರಿಸ್ಸಿನಲ್ಲಿ ಕ್ಷಯದಿಂದ ತೀರಿಕೊಂಡದ್ದು 1847ರ ಫೆಬ್ರವರಿ 3ರಂದು. ಹಳ್ಳಿಯಿಂದ ಬಂದು, ನಗರದ ಶ್ರೀಮಂತರ ಒಡನಾಡಿಯಾಗಿ, ಹೆಸರು ಬದಲಿಸಿಕೊಂಡು ಬದುಕಿದವಳು. ಅವಳ ಒಂದು ಕಾಲದ ಪ್ರೇಮಿ ಕಿರಿಯ ಅಲೆಕ್ಸಾಂಡರ್ ದ್ಯುಮಾ ಮರುವರ್ಷವೇ ಅವಳನ್ನು ಕಾದಂಬರಿಯ ನಾಯಕಿಯಾಗಿಸಿ, ಕೈಗೆ ಕಮೇಲಿಯಾ ಹೂ ಕೊಟ್ಟ. 1853ರಲ್ಲಿ ವೆರ್ಡಿ ಅದೇ ಕತೆಯನ್ನು 'ಲಾ ತ್ರಾವಿಯಾತಾ' ಎಂಬ ಆಪೆರಾ ಮಾಡಿದ. ಅಲ್ಲಿಂದಾಚೆಗೆ ಯುರೋಪಿನ ರಂಗಮಂದಿರಗಳಲ್ಲಿ ಕೆಮ್ಮುವ ಚೆಲುವೆಯರ ಸಾಲೇ ಶುರುವಾಯಿತು. ಬಿಳಿ ಕರವಸ್ತ್ರ, ಅದರ ಮೇಲೊಂದು ಕೆಂಪು ಚುಕ್ಕೆ, ಪಕ್ಕದಲ್ಲಿ ಹೂವು. ಶ್ವಾಸಕೋಶ ಕೊಳೆತು ಸಾಯುವ ರೋಗಕ್ಕೆ ಇಷ್ಟು ಅಲಂಕಾರ ಬೇರೆ ಯಾವ ಕಾಲದಲ್ಲೂ ಸಿಕ್ಕಿರಲಾರದು.

ಸರಿಯಾಗಿ ನೂರು ವರ್ಷದ ಮೇಲೆ, 1947ರ ವಸಂತದಲ್ಲಿ, ಪ್ಯಾರಿಸ್ಸಿನ ಗಾಲಿಮಾರ್ ಪ್ರಕಾಶನದಿಂದ ಒಂದು ಕಾದಂಬರಿ ಬಂತು. ಹೆಸರು 'ಲೆಕ್ಯೂಮ್ ದೆ ಜೂರ್', ಎಂದರೆ 'ದಿನಗಳ ನೊರೆ'. ಬರೆದವನು ಬೋರಿಸ್ ವಿಯಾನ್, ಇಪ್ಪತ್ತೇಳು ವರ್ಷದ ಇಂಜಿನಿಯರ್, ರಾತ್ರಿ ಹೊತ್ತು ಜಾಝ್ ತುತ್ತೂರಿ ಊದುವವ. ಅವನ ನಾಯಕಿ ಕ್ಲೋಯೆ ಕೂಡ ಕೆಮ್ಮುತ್ತಾಳೆ. ಅವಳ ಸುತ್ತಲೂ ಹೂಗಳಿವೆ. ಆದರೆ ಇಲ್ಲಿ ಹೂವು ಕೈಯಲ್ಲಿಲ್ಲ. ಅವಳ ಬಲ ಶ್ವಾಸಕೋಶದಲ್ಲಿ ಒಂದು ನೈದಿಲೆ ಬೆಳೆಯುತ್ತಿದೆ, ಅದು ಅವಳನ್ನು ಕೊಲ್ಲುತ್ತಿದೆ. ನೂರು ವರ್ಷ ರೋಗಿಯ ಪಕ್ಕದಲ್ಲಿಟ್ಟು ಪೂಜಿಸಿದ ಹೂವನ್ನು ವಿಯಾನ್ ನೇರವಾಗಿ ರೋಗದ ಜಾಗಕ್ಕೇ ತಂದಿಟ್ಟ.

ಈ ಕಾದಂಬರಿಯನ್ನು ಆಧುನಿಕ ಕಿನ್ನರಕತೆ ಎಂದು ಕರೆಯುವುದು ವಾಡಿಕೆ. ಮೊದಲ ಅರ್ಧಕ್ಕೆ ಆ ಹೆಸರು ಚೆನ್ನಾಗಿಯೇ ಒಪ್ಪುತ್ತದೆ. ಕೋಲಿನ್ ಎಂಬ ಯುವಕನಿಗೆ ದುಡಿಯದೆ ಬದುಕುವಷ್ಟು ಹಣವಿದೆ. ಅದು ಫ್ರಾಂಕುಗಳಲ್ಲಿ ಅಲ್ಲ, 'ದುಬ್ಲೆಜೋನ್' ಎಂಬ ಕಲ್ಪಿತ ನಾಣ್ಯದಲ್ಲಿ. ಅವನ ಮನೆಗೆ ಎರಡೂ ಕಡೆಯಿಂದ ಬಿಸಿಲು ಬರುತ್ತದೆ. ಅಡುಗೆಮನೆಯಲ್ಲಿ ಬಿಸಿಲಿನ ಜೊತೆ ಆಡುವ ಇಲಿಗಳಿವೆ, ನಿಕೋಲಾ ಎಂಬ ಮಹಾ ಬಾಣಸಿಗನಿದ್ದಾನೆ, ನಲ್ಲಿಯಲ್ಲಿ ಹಾವುಮೀನು ಬರುತ್ತದೆ. ನುಡಿಸಿದ ಸ್ವರಕ್ಕೆ ತಕ್ಕಂತೆ ಮದ್ಯ ಬೆರೆಸಿ ಲೋಟಕ್ಕೆ ಸುರಿಯುವ ಪಿಯಾನೋ ಒಂದಿದೆ. ಕೋಲಿನ್‌ನ ಗೆಳೆಯ ಶಿಕ್‌ಗೆ ಜಾನ್-ಸೋಲ್ ಪಾರ್ತ್ರ್ ಎಂಬ ತತ್ತ್ವಜ್ಞಾನಿಯ ಹುಚ್ಚು. ಹೆಸರಿನ ಅಕ್ಷರಗಳನ್ನು ಅದಲುಬದಲು ಮಾಡಿದರೆ ಯಾರೆಂದು ಎಲ್ಲರಿಗೂ ಗೊತ್ತಾಗುತ್ತದೆ. ಕೋಲಿನ್‌ಗೆ ಬೇಕಾಗಿರುವುದು ಒಂದೇ, ಪ್ರೀತಿಸಲು ಯಾರಾದರೂ. ಒಂದು ಪಾರ್ಟಿಯಲ್ಲಿ ಕ್ಲೋಯೆ ಸಿಗುತ್ತಾಳೆ. ಮದುವೆಯಾಗುತ್ತದೆ. ಮಧುಚಂದ್ರದ ಪ್ರಯಾಣದಲ್ಲೇ ಅವಳಿಗೆ ಕೆಮ್ಮು ಹತ್ತುತ್ತದೆ.

ಅಲ್ಲಿಂದ ಮುಂದಿನದು ಕಿನ್ನರಕತೆ ಎನ್ನುವವರು ಪುಸ್ತಕವನ್ನು ಅರ್ಧಕ್ಕೇ ಮುಚ್ಚಿಟ್ಟಿರಬೇಕು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ. ಕಿನ್ನರಕತೆಯ ಶಾಪಕ್ಕೆ ಒಂದು ಕಾರಣವಿರುತ್ತದೆ, ಒಂದು ಪರಿಹಾರವಿರುತ್ತದೆ. ಮುನಿಸಿಕೊಂಡ ಮಾಟಗಾತಿ ಇರುತ್ತಾಳೆ, ಮುತ್ತಿಟ್ಟು ಎಬ್ಬಿಸುವ ರಾಜಕುಮಾರ ಬರುತ್ತಾನೆ. ಕ್ಲೋಯೆಯ ನೈದಿಲೆಗೆ ಕಾರಣವೇ ಇಲ್ಲ. ಪರಿಹಾರ ಎಂದು ವೈದ್ಯರು ಹೇಳುವುದು ಎರಡು: ಅವಳು ದಿನಕ್ಕೆ ಎರಡು ಚಮಚೆಗಿಂತ ಹೆಚ್ಚು ನೀರು ಕುಡಿಯಬಾರದು, ಅವಳ ಸುತ್ತ ಸದಾ ಹೊಸ ಹೂಗಳಿರಬೇಕು, ಅವನ್ನು ನೋಡಿ ಒಳಗಿನ ಹೂವು ಬೆದರಬೇಕು. ಬೆಟ್ಟಕ್ಕೆ ಹೋಗಬೇಕು ಎಂದೂ ಹೇಳುತ್ತಾರೆ. ಅವಳು ಹೋಗುತ್ತಾಳೆ. ಶಸ್ತ್ರಚಿಕಿತ್ಸೆಯಾಗಿ ನೈದಿಲೆ ಹೊರಬರುತ್ತದೆ. ವಾಪಸು ಬಂದ ಮೇಲೆ ಇನ್ನೊಂದು ಶ್ವಾಸಕೋಶದಲ್ಲಿ ಅದೇ ಮತ್ತೆ ಮೊಳೆಯುತ್ತದೆ.

ಇದರಲ್ಲಿ ಮಾಯೆ ಎಷ್ಟು, ವಾಸ್ತವ ಎಷ್ಟು? 1946ರ ಫ್ರೆಂಚ್ ಓದುಗನಿಗೆ ಈ ಚಿಕಿತ್ಸೆ ಅಷ್ಟೇನೂ ವಿಚಿತ್ರವಾಗಿ ಕಾಣಿಸಿರಲಾರದು. ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ಕಂಡುಹಿಡಿದಿದ್ದೇನೆಂದು ಸಾರಿದ್ದು 1882ರಲ್ಲಿ. ರೋಗದ ಗುಟ್ಟು ಗೊತ್ತಾದ ಮೇಲೂ ಅರವತ್ತು ವರ್ಷ ಅದಕ್ಕೆ ಮದ್ದು ಇರಲಿಲ್ಲ. ಬೆಟ್ಟದ ಮೇಲಿನ ಸ್ಯಾನಟೋರಿಯಂ, ತಣ್ಣನೆ ಗಾಳಿ, ಬಿಸಿಲು, ವಿಶ್ರಾಂತಿ, ಒಳ್ಳೆಯ ಊಟ, ಇಷ್ಟೇ. ಜೊತೆಗೆ ಇಟಲಿಯ ಫೋರ್ಲಾನಿನಿ ಎಂಬ ವೈದ್ಯ ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಬಳಕೆಗೆ ತಂದ ಒಂದು ಉಪಾಯವಿತ್ತು. ಪಕ್ಕೆಲುಬುಗಳ ನಡುವೆ ಸೂಜಿ ಚುಚ್ಚಿ ಎದೆಗೂಡಿಗೆ ಗಾಳಿ ತುಂಬುವುದು, ಹಾಗೆ ರೋಗ ಹತ್ತಿದ ಶ್ವಾಸಕೋಶವನ್ನು ಬೇಕೆಂತಲೇ ಕುಗ್ಗಿಸಿ ಅದಕ್ಕೆ ಬಿಡುವು ಕೊಡುವುದು. ಗಾಳಿ ಕ್ರಮೇಣ ಮೈಯಲ್ಲೇ ಇಂಗಿಹೋಗುವುದರಿಂದ ಅದನ್ನು ಮತ್ತೆ ಮತ್ತೆ, ತಿಂಗಳು ವರ್ಷಗಟ್ಟಲೆ ತುಂಬಿಸಿಕೊಳ್ಳಬೇಕಿತ್ತು. ಅಲ್ಬರ್ಟ್ ಕಮೂ ಹೀಗೆ ಗಾಳಿ ತುಂಬಿಸಿಕೊಂಡವನು. ರೋಲಾಂ ಬಾರ್ತ್ ತನ್ನ ಯೌವನದ ಹಲವು ವರ್ಷಗಳನ್ನು ಸ್ಯಾನಟೋರಿಯಂಗಳಲ್ಲಿ ಕಳೆದ. ಒಂದು ಪುಪ್ಪುಸವನ್ನು ಮಲಗಿಸಿ ಇನ್ನೊಂದರಲ್ಲಿ ಉಸಿರಾಡುತ್ತ ಕೂತ ಜನರಿಂದ ಬೆಟ್ಟಗಳ ಮೇಲಿನ ಕಟ್ಟಡಗಳು ತುಂಬಿದ್ದ ಕಾಲ ಅದು. ಒಂದೇ ಶ್ವಾಸಕೋಶದಲ್ಲಿ ಮನೆಗೆ ಮರಳುವ ಕ್ಲೋಯೆಯನ್ನು ವಿಯಾನ್ ಎಲ್ಲಿಂದಲೋ ಹುಟ್ಟಿಸಿಕೊಂಡು ಬರಲಿಲ್ಲ.

ಅಷ್ಟರಲ್ಲಿ ಮದ್ದು ಬಂದಿತ್ತು. ಸ್ಟ್ರೆಪ್ಟೋಮೈಸಿನ್ 1943ರಲ್ಲಿ ಅಮೆರಿಕದ ರಟ್ಗರ್ಸ್‌ನಲ್ಲಿ, ವಾಕ್ಸ್‌ಮನ್ ಅವರ ಪ್ರಯೋಗಾಲಯದಲ್ಲಿ, ಆಲ್ಬರ್ಟ್ ಶಾಟ್ಜ್ ಎಂಬ ವಿದ್ಯಾರ್ಥಿಯ ಕೈಗೆ ಸಿಕ್ಕಿತು. ಸಿಕ್ಕಿದ್ದು ಮಣ್ಣಿನಲ್ಲಿ ಬದುಕುವ ಒಂದು ಸೂಕ್ಷ್ಮಜೀವಿಯಿಂದ. ಯುದ್ಧ ಮುಗಿದ ಯುರೋಪಿನಲ್ಲಿ ಅದನ್ನು ಕೊಳ್ಳಲು ಡಾಲರ್ ಬೇಕಿತ್ತು, ಡಾಲರ್ ಯಾರ ಬಳಿಯೂ ಇರಲಿಲ್ಲ. 1948ರಲ್ಲಿ ಜಾರ್ಜ್ ಆರ್ವೆಲ್‌ಗಾಗಿ ಅದನ್ನು ಅಮೆರಿಕದಿಂದ ತರಿಸಲು ಅವನ ಗೆಳೆಯರು ಮಂತ್ರಿಯ ಮಟ್ಟದವರೆಗೆ ಹೋಗಬೇಕಾಯಿತು. ತರಿಸಿದ್ದೂ ಅವನ ಮೈಗೆ ಒಗ್ಗಲಿಲ್ಲ, 1950ರ ಜನವರಿಯಲ್ಲಿ ತೀರಿಕೊಂಡ. ಮದ್ದು ಲೋಕದಲ್ಲಿ ಇದೆ, ನಮ್ಮ ಕೈಗೆ ಸಿಗುತ್ತಿಲ್ಲ ಎಂಬ ಸ್ಥಿತಿ ಮದ್ದೇ ಇಲ್ಲ ಎನ್ನುವುದಕ್ಕಿಂತ ಕ್ರೂರ. ವಿಯಾನ್‌ನ ಕಾದಂಬರಿ ಹುಟ್ಟಿದ್ದು ಆ ಹೊಸ್ತಿಲ ಮೇಲೆ. ಕೋಲಿನ್ ದಿನದಿನವೂ ಹೂ ಕೊಂಡು ಬರಿದಾಗುವುದನ್ನು ಓದುವಾಗ ಆ ಕಾಲದ ಔಷಧದಂಗಡಿಯ ಲೆಕ್ಕ ನೆನಪಾಗದೆ ಇರದು.

ನಮ್ಮ ಭಾಷೆಯಲ್ಲಿ ಈ ರೋಗದ ಹೆಸರೇ ಕ್ಷಯ, ಎಂದರೆ ಸವೆಯುವುದು, ತೀರುತ್ತ ಹೋಗುವುದು. ಪುರಾಣದ ಪ್ರಕಾರ ಇದು ಮೊದಲು ಬಂದದ್ದು ಚಂದ್ರನಿಗೆ. ಇಪ್ಪತ್ತೇಳು ಹೆಂಡಿರಲ್ಲಿ ರೋಹಿಣಿಯೊಬ್ಬಳನ್ನೇ ಹಚ್ಚಿಕೊಂಡ ತಪ್ಪಿಗೆ ಮಾವ ದಕ್ಷ ಕೊಟ್ಟ ಶಾಪ ಅದು. ಒಲವಿನಿಂದ ಬಂದ ಮಾಯಾರೋಗದ ಕತೆ ನಮಗೆ ಹೊಸದಲ್ಲ. ಆ ಚಂದ್ರನನ್ನು ಕಂಡರೆ ಅರಳುವ ಹೂವೆಂದು ನಮ್ಮ ಕವಿಗಳು ಹಾಡಿದ್ದು ನೈದಿಲೆಯನ್ನೇ! ವಿಯಾನ್‌ಗೆ ಇದಾವುದೂ ಗೊತ್ತಿರಬೇಕಾಗಿರಲಿಲ್ಲ, ಗೊತ್ತಿತ್ತು ಎಂದು ನಾನು ಹೇಳುತ್ತಲೂ ಇಲ್ಲ. ಆದರೆ ಅವನ ಪುಸ್ತಕದಲ್ಲಿ ನಡೆಯುವುದನ್ನು ಹೇಳಲು 'ಕ್ಷಯ'ಕ್ಕಿಂತ ಸರಿಯಾದ ಮಾತು ನನಗೆ ಸಿಕ್ಕಿಲ್ಲ. ಏಕೆಂದರೆ ಅಲ್ಲಿ ಸವೆಯುವುದು ಕ್ಲೋಯೆ ಒಬ್ಬಳೇ ಅಲ್ಲ.

ಮೊದಲು ಬಿಸಿಲು ಹೋಗುತ್ತದೆ. ಕಿಟಕಿಯ ಗಾಜು ಎಷ್ಟು ಒರೆಸಿದರೂ ಮಂಕು. ಕಪ್ಪು ಮೀಸೆಯ ಪುಟ್ಟ ಇಲಿಯೊಂದು ನೆಲದ ಹಂಚುಗಳನ್ನು ಉಜ್ಜಿ ಉಜ್ಜಿ ಬೆಳಕು ತರಿಸಲು ನೋಡುತ್ತದೆ, ಅದರ ಕಾಲಿನಲ್ಲಿ ರಕ್ತ ಬರುತ್ತದೆ. ಆಮೇಲೆ ಕೋಣೆಗಳು ಚಿಕ್ಕದಾಗುತ್ತವೆ. ಚಾವಣಿ ತಗ್ಗುತ್ತದೆ, ಗೋಡೆಗಳು ಹತ್ತಿರ ಬರುತ್ತವೆ, ನೆಲ ಜೌಗಾಗುತ್ತದೆ. ನಿಕೋಲಾ ಕೆಲವೇ ದಿನಗಳಲ್ಲಿ ಹಲವು ವರ್ಷ ಮುದುಕನಾಗುತ್ತಾನೆ. ಅವನ ಅಡುಗೆ ಕೆಡುತ್ತದೆ, ಕೊನೆಗೆ ಕೋಲಿನ್ ಅವನನ್ನು ಬೇರೆ ಮನೆಗೆ ಕಳಿಸಿಬಿಡುತ್ತಾನೆ. ಪಿಯಾನೋ ಮಾರಾಟವಾಗುತ್ತದೆ. ಎಂದೂ ದುಡಿಯದ ಕೋಲಿನ್ ಕೆಲಸ ಹುಡುಕುತ್ತ ಹೊರಡುತ್ತಾನೆ.

ಮನೆಯಲ್ಲಿ ದೀರ್ಘ ಕಾಯಿಲೆಯವರನ್ನು ನೋಡಿಕೊಂಡ ಯಾರನ್ನು ಬೇಕಾದರೂ ಕೇಳಿ, ಇದರಲ್ಲಿ ಎಷ್ಟು ಉತ್ಪ್ರೇಕ್ಷೆಯಿದೆ ಎಂದು. ಬಂದುಹೋಗುವವರು ಕಡಿಮೆಯಾಗುತ್ತಾರೆ. ಇಡೀ ಮನೆ ಒಂದು ಮಂಚದ ಸುತ್ತಳತೆಗೆ ಇಳಿಯುತ್ತದೆ. ಆಸ್ಪತ್ರೆಯ ಕಡತದಲ್ಲಿ ಜ್ವರದ ಅಂಕಿ, ತೂಕದ ಅಂಕಿ ಇರುತ್ತವೆ. ಕೋಣೆ ಎಷ್ಟು ಚಿಕ್ಕದಾಯಿತು ಎಂಬ ಅಂಕಿ ಇರುವುದಿಲ್ಲ. ವಿಯಾನ್ ಮಾಯೆಯನ್ನು ಕರೆತಂದದ್ದು ಆ ಅಳತೆಗಾಗಿ. ಸೂಸನ್ ಸೊಂಟ್ಯಾಗ್ 1978ರಲ್ಲಿ, ರೋಗವನ್ನು ರೂಪಕ ಮಾಡಬೇಡಿ, ಅದು ರೋಗಿಗೆ ಮಾಡುವ ಅನ್ಯಾಯ ಎಂದು ವಾದಿಸಿದಳು. ಕ್ಷಯಕ್ಕೆ ಹತ್ತಿದ್ದ ಪ್ರೇಮದ ಬಣ್ಣವನ್ನು ಕೆರೆದು ತೋರಿಸಿದಳು. ಅವಳ ಮಾತು ದ್ಯುಮಾನ ಕಮೇಲಿಯಾಕ್ಕೆ ಪೂರ್ತಿ ಅನ್ವಯಿಸುತ್ತದೆ. ವಿಯಾನ್‌ನ ನೈದಿಲೆಗೆ ಅನ್ವಯಿಸುವುದಿಲ್ಲ ಎಂದು ನನ್ನ ಅಭಿಪ್ರಾಯ. ಈ ಹೂವು ಬೇರೆ ಏನನ್ನೂ ಸೂಚಿಸುವುದಿಲ್ಲ. ಅದಕ್ಕೆ ಗಾತ್ರವಿದೆ, ಅದನ್ನು ಕತ್ತರಿಸಿ ತೆಗೆಯಬಹುದು, ಅದಕ್ಕೆ ಖರ್ಚಿದೆ.

ವಿಯಾನ್‌ಗೆ ಈ ಅಳತೆ ಎಲ್ಲಿಂದ ಬಂತು ಎಂಬುದಕ್ಕೆ ಅವನ ಬಾಲ್ಯ ನೋಡಬೇಕು. ಹುಟ್ಟಿದ್ದು 1920ರ ಮಾರ್ಚ್ 10ರಂದು, ಪ್ಯಾರಿಸ್ಸಿಗೆ ಹತ್ತಿರದ ವೀಲ್-ದಾವ್ರೇ ಎಂಬಲ್ಲಿ. ತಂದೆ ಪಾಲ್ ವಿಯಾನ್ ಪಿತ್ರಾರ್ಜಿತದ ಮೇಲೆ ಬದುಕಿದವರು. 1929ರ ಕುಸಿತದಲ್ಲಿ ಹಣ ಹೋಯಿತು. ಸಂಸಾರ ದೊಡ್ಡ ಮನೆಯನ್ನು ಬಾಡಿಗೆಗೆ ಕೊಟ್ಟು, ಅದೇ ಆವರಣದ ಕಾವಲುಗಾರನ ಪುಟ್ಟ ಮನೆಗೆ ಇಳಿಯಿತು. ಬಾಡಿಗೆಗೆ ಬಂದವರು ಪಿಟೀಲಿನ ಬಾಲಪ್ರತಿಭೆ ಯೆಹೂದಿ ಮೆನುಹಿನ್‌ನ ಕುಟುಂಬ. (ಈ ಮೆನುಹಿನ್ ಮುಂದೆ 1952ರಲ್ಲಿ ಮುಂಬಯಿಯಲ್ಲಿ ಬಿ.ಕೆ.ಎಸ್. ಅಯ್ಯಂಗಾರರನ್ನು ಕಂಡು ಅವರಿಂದ ಯೋಗ ಕಲಿತ. ಕೋಲಾರದ ಬೆಳ್ಳೂರಿನಲ್ಲಿ ಹುಟ್ಟಿದ ಅಯ್ಯಂಗಾರರು ಬಾಲ್ಯದಲ್ಲಿ ಕ್ಷಯದಿಂದಲೇ ನರಳಿದವರು. ಲೋಕ ಸಣ್ಣದು.) ತಾನು ಆಡಿ ಬೆಳೆದ ಮನೆಯಲ್ಲಿ ಬೇರೆಯವರು ಇರುವುದನ್ನು ಹಿತ್ತಲಿನ ಸಣ್ಣ ಮನೆಯಿಂದ ನೋಡಿದ ಹುಡುಗನಿಗೆ ಕೋಣೆಗಳು ಕುಗ್ಗುತ್ತವೆ ಎಂಬುದು ಬರೀ ಕಲ್ಪನೆಯಾಗಿರಲಿಲ್ಲ.

ಎದೆಯೂ ಹಾಗೆಯೇ. ಹನ್ನೆರಡರ ವಯಸ್ಸಿನಲ್ಲಿ ಬಂದ ರುಮ್ಯಾಟಿಕ್ ಜ್ವರ, ಅದರ ಹಿಂದೆಯೇ ಬಂದ ಟೈಫಾಯ್ಡ್ ಅವನ ಹೃದಯವನ್ನು ಕೆಡಿಸಿದ್ದವು. ಮಹಾಧಮನಿಯ ಕವಾಟ ಸರಿಯಾಗಿ ಮುಚ್ಚುತ್ತಿರಲಿಲ್ಲ. ದೇಹದ ಕಡೆಗೆ ಹೊರಟ ರಕ್ತದ ಒಂದು ಪಾಲು ಪ್ರತಿ ಬಡಿತಕ್ಕೂ ಹಿಂದಕ್ಕೆ ಸೋರುತ್ತಿತ್ತು. ಅಂಥವನು ಆರಿಸಿಕೊಂಡದ್ದು ಉಸಿರು ಬಿಗಿಹಿಡಿದು ಊದಬೇಕಾದ ತುತ್ತೂರಿಯನ್ನು. ವೈದ್ಯರು ಬೇಡವೆಂದರೂ ವರ್ಷಗಟ್ಟಲೆ ಊದಿದ, ಕೊನೆಗೆ ಬಿಡಲೇಬೇಕಾಯಿತು. ನಲವತ್ತು ದಾಟುವುದಿಲ್ಲ ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಹೃದಯದ ರೋಗವನ್ನು ಬರೆಯದೆ ಅದನ್ನು ಹೆಣ್ಣೊಬ್ಬಳ ಶ್ವಾಸಕೋಶಕ್ಕೆ ಸರಿಸಿದ್ದರಲ್ಲಿ ಸಂಕೋಚವಿದೆಯೋ ಜಾಣ್ಮೆಯಿದೆಯೋ ಹೇಳುವುದು ಕಷ್ಟ. ಹೆಸರು ಮಾತ್ರ ಜಾಝಿನಿಂದ ಬಂದದ್ದು. 1927ರ 'ಕ್ಲೋಯೆ' ಎಂಬ ಅಮೆರಿಕನ್ ಹಾಡನ್ನು ಡ್ಯೂಕ್ ಎಲಿಂಗ್ಟನ್‌ನ ತಂಡ 1940ರಲ್ಲಿ ಧ್ವನಿಮುದ್ರಿಸಿತ್ತು. ಆ ಹಾಡಿನ ಉಪಶೀರ್ಷಿಕೆ 'ಜೌಗಿನ ಹಾಡು'. ಕೋಲಿನ್‌ನ ಮನೆಯ ನೆಲ ಜೌಗಾಗುವುದಕ್ಕೂ ಕ್ಲೋಯೆಯ ಎದೆಯಲ್ಲಿ ನೀರಿನ ಹೂವು ಬೇರುಬಿಡುವುದಕ್ಕೂ ಮೂಲ ಒಂದು ಗ್ರಾಮಫೋನ್ ತಟ್ಟೆಯಲ್ಲಿದೆ.

ಪುಸ್ತಕ ಬರೆದದ್ದು 1946ರ ವಸಂತದಲ್ಲಿ, ಕೆಲವೇ ವಾರಗಳಲ್ಲಿ. ಮುನ್ನುಡಿಯ ಕೆಳಗೆ ನ್ಯೂ ಆರ್ಲಿಯನ್ಸ್ ಎಂದು ಊರಿನ ಹೆಸರಿದೆ. ಅವನು ಬದುಕಿನಲ್ಲಿ ಒಮ್ಮೆಯೂ ಅಮೆರಿಕಕ್ಕೆ ಹೋದವನಲ್ಲ. ಆಗಷ್ಟೇ ಅವನು ಬಿಟ್ಟಿದ್ದ ಉದ್ಯೋಗ ಫ್ರಾನ್ಸಿನ ಮಾನಕ ಸಂಸ್ಥೆಯಲ್ಲಿ. ವಸ್ತುಗಳು ಎಷ್ಟು ಉದ್ದ, ಎಷ್ಟು ಅಗಲ ಇರಬೇಕೆಂದು ದೇಶಕ್ಕೆಲ್ಲ ಒಂದೇ ನಿಯಮ ಬರೆಯುವ ಕಚೇರಿ ಅದು. ಕಾದಂಬರಿಯಲ್ಲಿ ಕಚೇರಿ, ಕಾರ್ಖಾನೆಗಳ ಬಗ್ಗೆ ಇರುವ ಸಿಟ್ಟಿಗೆ ಆ ವರ್ಷಗಳ ಪಾಲೂ ಇದ್ದೀತು. ಅದಕ್ಕಿಂತ ದೊಡ್ಡ ಪಾಲು ಯುದ್ಧದ್ದು. ಕೋಲಿನ್‌ಗೆ ಸಿಗುವ ಒಂದು ಕೆಲಸವೆಂದರೆ ಮಣ್ಣಿನ ಮೇಲೆ ಬರಿಮೈಯಲ್ಲಿ ಕವುಚಿ ಮಲಗುವುದು. ಮನುಷ್ಯನ ಮೈಶಾಖಕ್ಕೆ ಮಣ್ಣಿನೊಳಗಿಂದ ಬಂದೂಕಿನ ನಳಿಗೆಗಳು ಬೆಳೆಯುತ್ತವೆ. ಅವನು ಕಾವು ಕೊಟ್ಟ ನಳಿಗೆಗಳ ತುದಿಯಲ್ಲಿ ಉಕ್ಕಿನ ಗುಲಾಬಿ ಅರಳುತ್ತದೆ, ಆದ್ದರಿಂದ ಅವನನ್ನು ಕೆಲಸದಿಂದ ತೆಗೆಯುತ್ತಾರೆ. ಯುದ್ಧ ಮುಗಿದು ವರ್ಷವೂ ಆಗದಾಗ ಬರೆದ ಪುಟ ಇದು. ಕೊನೆಯ ಕೆಲಸ ಇನ್ನೂ ಕಠಿಣ: ನಾಳೆ ಬರಲಿರುವ ದುರಂತವನ್ನು ಇಂದೇ ಮನೆಮನೆಗೆ ಹೋಗಿ ತಿಳಿಸಿ ಬರುವುದು. ಎಲ್ಲೆಡೆ ಬೈಗುಳ, ಹೊಡೆತ. ಒಂದು ದಿನ ಪಟ್ಟಿಯಲ್ಲಿ ತನ್ನದೇ ಹೆಸರು ಕಾಣುತ್ತಾನೆ.

ಮದುವೆಗೆ ಸಾವಿರಾರು ದುಬ್ಲೆಜೋನ್ ಪಡೆದು ಚರ್ಚನ್ನೆಲ್ಲ ಸಿಂಗರಿಸಿದ ಪಾದ್ರಿ, ಶವಸಂಸ್ಕಾರಕ್ಕೆ ಕೋಲಿನ್ ಬಳಿ ಹಣವಿಲ್ಲ ಎಂದು ತಿಳಿದಾಗ ಬಡವರ ಸಂಸ್ಕಾರ ಮಾಡಿಸುತ್ತಾನೆ. ಶವಪೆಟ್ಟಿಗೆಯನ್ನು ಕಿಟಕಿಯಿಂದ ಕೆಳಗೆ ಎಸೆಯಲಾಗುತ್ತದೆ. ಶಿಲುಬೆಯ ಮೇಲಿನ ಏಸುವನ್ನು ಕೋಲಿನ್ ಕೇಳಿದರೆ, ತನಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ ಅವನು ನಿದ್ದೆಗೆ ಜಾರುತ್ತಾನೆ. ಈ ಪುಟಗಳನ್ನು ಕಿನ್ನರಕತೆ ಎನ್ನುವುದಾದರೆ ಆ ಮಾತಿನ ಅರ್ಥವನ್ನೇ ಬದಲಿಸಬೇಕಾಗುತ್ತದೆ.

ಗಾಲಿಮಾರ್ ಆಗ ಅಪ್ರಕಟಿತ ಕೃತಿಗಳಿಗೆ 'ಪ್ಲೆಯಾದ್' ಬಹುಮಾನ ಕೊಡುತ್ತಿತ್ತು. ವಿಯಾನ್‌ನ ಹಸ್ತಪ್ರತಿಗೆ ತೀರ್ಪುಗಾರರಲ್ಲಿ ರೇಮೋ ಕೆನೋ, ಸಾರ್ತ್ರ್ ಇಬ್ಬರ ಬೆಂಬಲವಿತ್ತು. ಪುಸ್ತಕದಲ್ಲಿ ತನ್ನನ್ನು ಆ ಪರಿ ಗೇಲಿ ಮಾಡಿದ್ದರೂ ಸಾರ್ತ್ರ್ 1946ರ ಅಕ್ಟೋಬರಿನಲ್ಲಿ ತನ್ನ ಪತ್ರಿಕೆಯಲ್ಲಿ ಅದರ ಭಾಗಗಳನ್ನು ಅಚ್ಚು ಹಾಕಿದ. ಅದು ಅವನ ದೊಡ್ಡತನ. ಆದರೆ ಬಹುಮಾನ ಹೋದದ್ದು ಜಾನ್ ಗ್ರೋಜಾನ್ ಎಂಬ ಪಾದ್ರಿ ಕವಿಗೆ. ವಿಯಾನ್ ಮುಂದಿನ ಕಾದಂಬರಿಯಲ್ಲಿ ಸೇಡು ತೀರಿಸಿಕೊಂಡ. 'ದೊಡ್ಡ ಜಾನ್' ಎಂಬ ಅರ್ಥ ಬರುವ ಗ್ರೋಜಾನ್ ಅಲ್ಲಿ 'ಚಿಕ್ಕ ಜಾನ್' ಎಂಬ ಪಾದ್ರಿಯಾದ. ವಿರುದ್ಧ ನಿಂತ ತೀರ್ಪುಗಾರರಿಗೂ ತಲಾ ಒಂದೊಂದು ಪಾತ್ರ ಸಿಕ್ಕಿತು. ಹುಡುಗಾಟಿಕೆಯೇ ಸರಿ, ಆದರೂ ಓದಲು ಮಜವಾಗಿದೆ.

1947ರಲ್ಲಿ ಪುಸ್ತಕ ಬಂದಾಗ ಕೊಂಡವರು ಬಹಳ ಕಡಿಮೆ. ಅದೇ ವರ್ಷ ಕೆಲವು ತಿಂಗಳ ಮೇಲೆ ಅದೇ ಗಾಲಿಮಾರ್ ಇನ್ನೊಂದು ರೋಗದ ಕಾದಂಬರಿ ತಂದಿತು, ಕಮೂನ 'ಪ್ಲೇಗ್'. ಅದನ್ನು ಜನ ಮುಗಿಬಿದ್ದು ಕೊಂಡರು. ಏಕೆಂದು ಊಹಿಸುವುದು ಸುಲಭ. ಪ್ಲೇಗ್ ಇಡೀ ಊರಿಗೆ ಬರುತ್ತದೆ, ಊರು ಸೇರಿ ಹೋರಾಡುತ್ತದೆ. ಜರ್ಮನ್ ಆಕ್ರಮಣವನ್ನು ಅನುಭವಿಸಿ ಹೊರಬಂದ ದೇಶಕ್ಕೆ ಆ ರೋಗದಲ್ಲಿ ತನ್ನ ಕತೆ ಕಂಡಿತು. ಕ್ಲೋಯೆಯ ರೋಗ ಒಬ್ಬಳದು. ಅದರಲ್ಲಿ ಹೋರಾಟವಿಲ್ಲ, ವೀರರಿಲ್ಲ, ಇರುವುದು ಹೂವಿನಂಗಡಿಯ ಬಾಕಿ. ತಾನೂ ಕ್ಷಯರೋಗಿಯಾಗಿದ್ದ ಕಮೂ ಸಮೂಹದ ರೋಗ ಬರೆದ, ಕ್ಷಯವಿಲ್ಲದ ವಿಯಾನ್ ಒಂಟಿತನದ ಕ್ಷಯವನ್ನು ಬರೆದ. 1947 ಒಂಟಿತನಕ್ಕೆ ಕಿವಿಗೊಡುವ ವರ್ಷವಾಗಿರಲಿಲ್ಲ.

ವಿಯಾನ್‌ಗೆ ಹೆಸರು ತಂದದ್ದು, ಕೆಡಿಸಿದ್ದು ಎರಡೂ ಬೇರೆಯೇ ಒಂದು ಪುಸ್ತಕ. 1946ರ ನವೆಂಬರಿನಲ್ಲಿ ವರ್ನನ್ ಸಲಿವನ್ ಎಂಬ ಕಲ್ಪಿತ ಅಮೆರಿಕನ್ ಕರಿಯ ಲೇಖಕನ ಹೆಸರಿನಲ್ಲಿ, ತಾನು ಬರೀ ಅನುವಾದಕ ಎಂದು ಹೇಳಿಕೊಂಡು ಅವನು ತಂದ 'ನಿಮ್ಮ ಗೋರಿಗಳ ಮೇಲೆ ಉಗುಳುತ್ತೇನೆ' ಎಂಬ ಕಾದಂಬರಿ. ಅದು ಬಿಸಿಬಿಸಿ ಮಾರಾಟವಾಯಿತು, ಕೋರ್ಟಿಗೆ ಹೋಯಿತು, 1949ರಲ್ಲಿ ನಿಷೇಧವಾಯಿತು. ಆಮೇಲೆ ಅವನ ಗಂಭೀರ ಪುಸ್ತಕಗಳನ್ನು ಕೇಳುವವರೇ ಇಲ್ಲದಾದರು. ಹಾಡು ಬರೆದ, ಅನುವಾದ ಮಾಡಿದ, ರೆಕಾರ್ಡ್ ಕಂಪನಿಯಲ್ಲಿ ದುಡಿದ. 1959ರ ಜೂನ್ 23ರ ಬೆಳಿಗ್ಗೆ, ಆ ಸಲಿವನ್ ಕಾದಂಬರಿಯನ್ನು ಆಧರಿಸಿದ, ಅವನಿಗೆ ಒಪ್ಪಿಗೆಯಿಲ್ಲದ ಸಿನಿಮಾದ ಖಾಸಗಿ ಪ್ರದರ್ಶನ ಪ್ಯಾರಿಸ್ಸಿನ ಮಾರ್ಬೆಫ್ ಚಿತ್ರಮಂದಿರದಲ್ಲಿತ್ತು. ಸಿನಿಮಾ ಶುರುವಾಗಿ ಕೆಲವೇ ನಿಮಿಷಗಳಲ್ಲಿ ಅವನು ಕುರ್ಚಿಯಲ್ಲೇ ಕುಸಿದ. ವಯಸ್ಸು ಮೂವತ್ತೊಂಬತ್ತು.

'ದಿನಗಳ ನೊರೆ' 1963ರಲ್ಲಿ ಮರುಮುದ್ರಣವಾಯಿತು. ಈ ಸಲ ಅದನ್ನು ಕೈಗೆತ್ತಿಕೊಂಡವರು ಯುದ್ಧದ ಹೊತ್ತಿನಲ್ಲಿ ಮತ್ತು ಅದರ ನಂತರ ಹುಟ್ಟಿದ ಹುಡುಗ ಹುಡುಗಿಯರು. ಅಗ್ಗದ ಪುಸ್ತಕವಾಗಿ ಅದು ಲಕ್ಷಗಟ್ಟಲೆ ಪ್ರತಿ ಹೋಯಿತು, 1968ರ ಹೊತ್ತಿಗೆ ವಿದ್ಯಾರ್ಥಿಗಳ ಚೀಲದಲ್ಲಿತ್ತು, ಆ ವರ್ಷವೇ ಶಾರ್ಲ್ ಬೆಲ್ಮೋನ ಸಿನಿಮಾ ಬಂತು. ಈ ಓದುಗರು ಲಸಿಕೆ ಹಾಕಿಸಿಕೊಂಡು, ಆಂಟಿಬಯಾಟಿಕ್ ನುಂಗಿ ಬೆಳೆದವರು. ಅವರಿಗೆ ಸ್ಯಾನಟೋರಿಯಂ ಎಂದರೆ ಹಿರಿಯರು ಹೇಳುವ ಕತೆ. ನೈದಿಲೆ ಅವರಿಗೆ ಕ್ಷಯವಾಗಿ ಕಾಣಿಸಬೇಕಾಗಿರಲಿಲ್ಲ. ಕ್ಯಾನ್ಸರಿನವರು ಅದನ್ನು ಕ್ಯಾನ್ಸರೆಂದು ಓದಿಕೊಂಡರು, ಖಿನ್ನತೆಯವರು ಖಿನ್ನತೆಯೆಂದು. ರಷ್ಯಾದ ಎಡಿಸನ್ ದೆನಿಸೋವ್ ಅದನ್ನು ಆಪೆರಾ ಮಾಡಿದ, 1986ರಲ್ಲಿ ಪ್ಯಾರಿಸ್ಸಿನಲ್ಲಿ ಅದರ ಮೊದಲ ಪ್ರದರ್ಶನವಾಯಿತು. ಜಪಾನಿನಲ್ಲಿ 2001ರಲ್ಲಿ ಸಿನಿಮಾ ಆಯಿತು. 2010ರಲ್ಲಿ ಗಾಲಿಮಾರ್ ವಿಯಾನ್‌ನ ಕೃತಿಗಳನ್ನು ತನ್ನ ಅತಿ ಪ್ರತಿಷ್ಠಿತ ಮಾಲೆಯಲ್ಲಿ ತೆಳು ಕಾಗದ, ಚರ್ಮದ ಹೊದಿಕೆಯಲ್ಲಿ ಹೊರತಂದಿತು. ಆ ಮಾಲೆಯ ಹೆಸರೂ ಪ್ಲೆಯಾದ್.

ಮಿಶೆಲ್ ಗೋಂದ್ರಿ 2013ರಲ್ಲಿ ಮಾಡಿದ ಸಿನಿಮಾದ ಮೊದಲ ಭಾಗ ಗಡಿಬಿಡಿಯದು, ಆಟಿಕೆಗಳದೇ ಕಾರುಬಾರು. ನನಗೆ ಅಷ್ಟಾಗಿ ಹಿಡಿಸಲಿಲ್ಲ. ಆದರೆ ಕ್ಲೋಯೆ ಹಾಸಿಗೆ ಹಿಡಿದ ಮೇಲೆ ಅವನು ಚಿತ್ರದಿಂದ ಬಣ್ಣವನ್ನು ಸ್ವಲ್ಪಸ್ವಲ್ಪವಾಗಿ ತೆಗೆಯುತ್ತ ಹೋಗುತ್ತಾನೆ. ಯಾವ ದೃಶ್ಯದಲ್ಲಿ ಹಳದಿ ಹೋಯಿತು, ಯಾವಾಗ ಕೆಂಪು ಹೋಯಿತು ಎಂದು ನೋಡುವವರಿಗೆ ತಿಳಿಯುವುದೇ ಇಲ್ಲ. ಕೋಲಿನ್ ನೀರಿನ ಪಕ್ಕ ಕೂತು ನೈದಿಲೆ ಮೇಲೆ ಬಂದರೆ ಕೊಲ್ಲುತ್ತೇನೆಂದು ಕಾಯುವ ಹೊತ್ತಿಗೆ, ಅದನ್ನು ನೋಡಲಾರದೆ ಇಲಿ ಬೆಕ್ಕಿನ ಬಳಿಗೆ ಹೋಗಿ ನನ್ನನ್ನು ತಿಂದುಬಿಡು ಎಂದು ಬೇಡುವ ಆ ಕೊನೆಯ ಹೊತ್ತಿಗೆ, ಪರದೆಯ ಮೇಲೆ ಕಪ್ಪು ಬಿಳುಪಷ್ಟೇ ಉಳಿದಿರುತ್ತದೆ.